ನಾಲ್ಕನೇ ಪಂದ್ಯಕ್ಕೆ ಪಿಚರ್ ಯಾರು?

ಸೆಪ್ಟೆಂಬರ್ ಬಂತೆಂದರೆ ದಕ್ಷಿಣ ಕ್ಯಾಲಿಫೋರ್ನಿಯಾದ ಬೇಸ್‌ಬಾಲ್ ಅಭಿಮಾನಿಗಳ ನಡುವೆ ಒಂದೇ ಜಗಳ. ಲಾಸ್ ಏಂಜಲಿಸ್ ಡಾಡ್ಜರ್ಸ್ ಕಡೆಯವನು ಬೆರಳು ಮಡಚುತ್ತಾ ಹೋಗುತ್ತಾನೆ: ಗ್ಲಾಸ್‌ನೌ ಇಲ್ಲ, ಕರ್ಶಾ ಇಲ್ಲ, ಸ್ಟೋನ್ ಇಲ್ಲ, ಗೊನ್ಸಲಿನ್ ಇಲ್ಲ, ಆದರೂ ನಮ್ಮ ಗುಂಪಿನಲ್ಲಿ, ಅಂದರೆ ಡಿವಿಷನ್‌ನಲ್ಲಿ, ನಾವೇ ಮೊದಲು. ಸ್ಯಾನ್ ಡಿಯಾಗೋ ಪಾಡ್ರೇಸ್ ಕಡೆಯವನು ಸುಮ್ಮನಿರುವುದಿಲ್ಲ: ನಮಗೆ ಟಾಟಿಸ್ ಎರಡು ತಿಂಗಳಿಗೂ ಹೆಚ್ಚು ಸಿಗಲಿಲ್ಲ, ಬೋಗಾರ್ಟ್ಸ್ ಭುಜದ ಮೂಳೆ ಮುರಿಯಿತು, ಡಾರ್ವಿಷ್ ಮೂರು ತಿಂಗಳು ಕಾಣಲಿಲ್ಲ, ಕಿಮ್ ವರ್ಷವೇ ಮುಗಿಯಿತು, ಆದರೂ ನಿಮ್ಮ ಬೆನ್ನ ಹಿಂದೆಯೇ ಇದ್ದೇವೆ. 2024ರ ಸೆಪ್ಟೆಂಬರ್ ಇಡೀ ಈ ವಾದದಲ್ಲೇ ಕಳೆಯಿತು. ಇಬ್ಬರ ಪಟ್ಟಿಯೂ ನಿಜ, ಇಬ್ಬರ ನೋವೂ ನಿಜ. ಆದರೆ ಆ ಪಟ್ಟಿಗಳಿಂದ ಅಕ್ಟೋಬರ್, ಅಂದರೆ ಚಾಂಪಿಯನ್ ತೀರ್ಮಾನವಾಗುವ ಪ್ಲೇಆಫ್ ತಿಂಗಳು, ಹೇಗಿರುತ್ತದೆ ಎಂದು ಹೇಳಲು ಬರುವುದಿಲ್ಲ.

ಗಾಯಾಳುಗಳ ಪಟ್ಟಿ ಎಷ್ಟು ಉದ್ದ ಎಂದು ನೋಡುವುದು ಬಿಟ್ಟು, ಪ್ರತಿ ಹೆಸರಿನ ಎದುರು ಎರಡು ವಿಷಯ ಬರೆದುಕೊಳ್ಳಬೇಕು: ಅವನ ಜಾಗದಲ್ಲಿ ಇಂದು ಯಾರು ಆಡುತ್ತಿದ್ದಾರೆ, ಅವನು ಯಾವ ತಾರೀಕಿಗೆ ಪೂರ್ತಿ ಬಲದಲ್ಲಿ ಮರಳುತ್ತಾನೆ. ಇವೆರಡು ಗೊತ್ತಿದ್ದರೆ ಎದುರಾಳಿ ತಂಡದ ಅಭಿಮಾನಿಯ ಜೊತೆಗೂ ಅರ್ಥವಿರುವ ಮಾತಾಡಬಹುದು. ಗೊತ್ತಿಲ್ಲದಿದ್ದರೆ ಅದು ಬರೀ ಯಾರ ಕಷ್ಟ ದೊಡ್ಡದು ಎಂಬ ಪೈಪೋಟಿ.

ಕ್ರಿಕೆಟ್ ನೋಡಿ ಬೆಳೆದವರಿಗೆ ಮೊದಲು ಒಂದು ವ್ಯತ್ಯಾಸ ಹೇಳಬೇಕು. ಇಲ್ಲಿ ಒಂದು ತಂಡ ಆರು ತಿಂಗಳಲ್ಲಿ 162 ಪಂದ್ಯ ಆಡುತ್ತದೆ, ಹೆಚ್ಚುಕಡಿಮೆ ದಿನಾ ಒಂದು. ಪಂದ್ಯದಿಂದ ಒಮ್ಮೆ ಹೊರಗೆ ಹೋದವನು ಆ ಪಂದ್ಯಕ್ಕೆ ಮತ್ತೆ ಬರುವಂತಿಲ್ಲ. ತಂಡದಲ್ಲಿ ಆಡಲು ಸಿದ್ಧ ಇರುವವರು 26 ಜನ, ಸೆಪ್ಟೆಂಬರ್‌ನಲ್ಲಿ 28, ಅಕ್ಟೋಬರ್‌ನ ಪ್ಲೇಆಫ್‌ಗೆ ಮತ್ತೆ 26. ಇವರ ಹಿಂದೆ ಒಟ್ಟು 40 ಜನರ ದೊಡ್ಡ ಪಟ್ಟಿ. ದಿನಾ ಆಡುವ ಆಟದಲ್ಲಿ ಯಾರೂ ಪೂರ್ತಿ ಆರೋಗ್ಯದಲ್ಲಿರುವುದಿಲ್ಲ. ಹಾಗಾಗಿ ಗಾಯ ಇದೆಯೋ ಇಲ್ಲವೋ ಎಂದು ಕೇಳುವುದಕ್ಕೆ ಅರ್ಥವಿಲ್ಲ.

ಗಾಯಾಳು ಪಟ್ಟಿ, ಅಂದರೆ ಎಲ್ಲರೂ ಐಎಲ್ ಎನ್ನುವುದು, ಮೂರು ಬಗೆ. ಬ್ಯಾಟರ್‌ಗಳಿಗೆ ಕನಿಷ್ಠ 10 ದಿನ, ಚೆಂಡು ಎಸೆಯುವ ಪಿಚರ್‌ಗಳಿಗೆ 15 ದಿನ, ದೊಡ್ಡ ಗಾಯಕ್ಕೆ 60 ದಿನ. ತಲೆಗೆ ಪೆಟ್ಟಾದವರಿಗೆ 7 ದಿನದ್ದು ಬೇರೆ ಇದೆ. ಪಟ್ಟಿಗೆ ಹಾಕುವ ದಿನವನ್ನು ಹೆಚ್ಚೆಂದರೆ ಮೂರು ದಿನ ಹಿಂದಕ್ಕೆ ಎಣಿಸಬಹುದು. ಇದರಲ್ಲಿ ಅಭಿಮಾನಿ ಗಮನಿಸಬೇಕಾದ್ದು 60 ದಿನದ ಪಟ್ಟಿ. ಒಬ್ಬನನ್ನು ಅಲ್ಲಿಗೆ ಹಾಕಿದರೆ 40ರ ಪಟ್ಟಿಯಲ್ಲಿ ಅವನ ಜಾಗ ಖಾಲಿಯಾಗುತ್ತದೆ, ತಂಡ ಹೊಸಬನೊಬ್ಬನನ್ನು ಸೇರಿಸಿಕೊಳ್ಳಬಹುದು. ಆದ್ದರಿಂದ 15 ದಿನದಿಂದ 60 ದಿನಕ್ಕೆ ವರ್ಗಾವಣೆ ಆದ ಸುದ್ದಿ ಕೇಳಿ ಗಾಯ ಹೆಚ್ಚಾಯಿತು ಎಂದು ಗಾಬರಿಯಾಗಬೇಕಿಲ್ಲ. ಎಷ್ಟೋ ಸಲ ಅದು ಜಾಗ ಹೊಂದಿಸಿಕೊಳ್ಳುವ ಲೆಕ್ಕ. ದಿನಗಳನ್ನು ಎಣಿಸುವುದು ಮೊದಲು ಪಟ್ಟಿಗೆ ಹಾಕಿದ ದಿನದಿಂದಲೇ.

ತಂಡಗಳು ಬಳಸುವ ಮಾತುಗಳನ್ನು ಮಾತ್ರ ಎಚ್ಚರದಿಂದ ಓದಬೇಕು. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಮೊದಲ ಹಂತದ್ದಾದರೆ ಎರಡು ಮೂರು ವಾರ, ಎರಡನೇ ಹಂತದ್ದಾದರೆ ಒಂದೂವರೆ ತಿಂಗಳು, ಕೆಲವೊಮ್ಮೆ ಎರಡು. ಪಕ್ಕೆಯ ಆಬ್ಲಿಕ್ ಸ್ನಾಯು ಮೋಸಗಾರ. ನಡೆಯುವಾಗ, ಓಡುವಾಗ ನೋವೇ ಇಲ್ಲ, ಬ್ಯಾಟ್ ಬೀಸಿ ಸೊಂಟ ತಿರುಗಿಸಿದ ಕ್ಷಣ ಹಿಡಿಯುತ್ತದೆ. ನಾಲ್ಕರಿಂದ ಆರು ವಾರ ಎನ್ನುತ್ತಾರೆ, ಅದು ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಡಾಡ್ಜರ್ಸ್‌ನ ಮ್ಯಾಕ್ಸ್ ಮನ್ಸಿ 2024ರ ಮೇ ಮಧ್ಯದಲ್ಲಿ ಇದೇ ನೋವೆಂದು ಹೊರಗೆ ಕೂತವರು ಮರಳಿದ್ದು ಆಗಸ್ಟ್ 19ಕ್ಕೆ. ಚೆಂಡು ತಾಗಿ ಕೈಮೂಳೆ ಮುರಿದರೆ ಲೆಕ್ಕ ಸ್ವಲ್ಪ ಸುಲಭ, ಮೂಳೆ ಕೂಡಲು ಆರು ವಾರ, ಕೈಗೆ ಹಿಡಿತ ಬರಲು ಇನ್ನೆರಡು. ಮೂಕಿ ಬೆಟ್ಸ್ ಅವರ ಎಡಗೈ ಮುರಿದದ್ದು ಜೂನ್ 16, ಅವರು ಆಡಲು ಬಂದದ್ದು ಆಗಸ್ಟ್ 12. ಹೆಚ್ಚುಕಡಿಮೆ ಎಂಟು ವಾರ.

ಪಿಚರ್‌ಗಳ ವಿಷಯದಲ್ಲಿ ಎದೆ ಝಲ್ಲೆನ್ನಿಸಬೇಕಾದ ಮಾತು ಮುಂಗೈ ಬಿಗಿತ. ಕೇಳಲು ಸಣ್ಣದು. ಆದರೆ ಮೊಣಕೈ ಒಳಬದಿಯ ಅಸ್ಥಿರಜ್ಜು ಸಡಿಲವಾದಾಗ ಅದರ ಹೊರೆಯನ್ನು ಮುಂಗೈ ಸ್ನಾಯುಗಳು ಹೊರುತ್ತವೆ, ಅವು ಬಿಗಿಯುತ್ತವೆ. ಅಂದರೆ ದೂರು ಮುಂಗೈಯಲ್ಲಿ, ತೊಂದರೆ ಮೊಣಕೈಯಲ್ಲಿ. ಎಂಆರ್‌ಐ ಆಗುವ ತನಕ ಯಾರೂ ಸಮಾಧಾನದಿಂದ ಇರುವುದಿಲ್ಲ. ರಜ್ಜು ಹರಿದಿದ್ದರೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ. ಕೈಯ ಇನ್ನೊಂದು ಕಡೆಯಿಂದಲೋ ಕಾಲಿನಿಂದಲೋ ತೆಗೆದ ಸ್ನಾಯುರಜ್ಜುವನ್ನು ಅಲ್ಲಿ ಕೂರಿಸುತ್ತಾರೆ. ಇದನ್ನು ಮೊದಲು ಮಾಡಿದ್ದು 1974ರ ಸೆಪ್ಟೆಂಬರ್‌ನಲ್ಲಿ ಡಾಕ್ಟರ್ ಫ್ರಾಂಕ್ ಜೋಬ್, ಡಾಡ್ಜರ್ಸ್‌ನ ಪಿಚರ್ ಟಾಮಿ ಜಾನ್‌ಗೇ. ಅವರು 1976ರಲ್ಲಿ ಮರಳಿ ಬಂದು ಆಮೇಲೆ 164 ಪಂದ್ಯ ಗೆದ್ದರು. ಇಂದಿಗೂ ಒಬ್ಬ ಪಿಚರ್ ಇದರಿಂದ ಚೇತರಿಸಿಕೊಳ್ಳಲು 12ರಿಂದ 18 ತಿಂಗಳು ಬೇಕು. ಬ್ಯಾಟ್ ಮಾತ್ರ ಬೀಸುವವನಿಗೆ ಅಷ್ಟು ಬೇಡ. ಶೊಹೇ ಒಹ್ಟಾನಿ 2023ರ ಸೆಪ್ಟೆಂಬರ್‌ನಲ್ಲಿ ಮೊಣಕೈ ಚಿಕಿತ್ಸೆ ಮಾಡಿಸಿಕೊಂಡು, 2024ರಲ್ಲಿ ಒಂದೂ ಪಿಚ್ ಎಸೆಯದೆ ಬರೀ ಬ್ಯಾಟರ್ ಆಗಿ 54 ಹೋಮ್ ರನ್ ಹೊಡೆದು 59 ಬೇಸ್ ಕದ್ದರು.

ಮೊಣಕೈಗಿಂತ ಭುಜ ಕೆಟ್ಟದ್ದು ಎಂಬುದು ಪಿಚಿಂಗ್ ಬಲ್ಲವರ ಹಳೆಯ ಮಾತು. ಭುಜ ಸರಿಹೋದರೂ ವೇಗ ಮರಳುತ್ತದೆಂಬ ಭರವಸೆ ಕಡಿಮೆ.

ವಾದಗಳಲ್ಲಿ ಹೆಚ್ಚಾಗಿ ತಪ್ಪುವುದು ಮರಳುವ ತಾರೀಕಿನ ಲೆಕ್ಕ. "ಅವನು ಚೆಂಡು ಎಸೆಯಲು ಶುರುಮಾಡಿದ್ದಾನೆ" ಎಂಬ ಸುದ್ದಿ ಬಂದರೆ ಸಾಕು, ಅಭಿಮಾನಿ ಮುಂದಿನ ವಾರ ಅವನನ್ನು ಮೈದಾನದಲ್ಲಿ ನಿಲ್ಲಿಸಿಬಿಡುತ್ತಾನೆ. ಹಾಗಾಗುವುದಿಲ್ಲ. ಸ್ಟಾರ್ಟರ್, ಅಂದರೆ ಪಂದ್ಯ ಶುರುಮಾಡುವ ಪಿಚರ್, ಮೊದಲು ಸಮತಟ್ಟು ನೆಲದಲ್ಲಿ 60 ಅಡಿಯಿಂದ ಎಸೆಯುತ್ತಾನೆ, ಆಮೇಲೆ 90, ಆಮೇಲೆ 120. ಮರುದಿನ ಕೈ ಊದಿಕೊಳ್ಳದಿದ್ದರೆ ಪಿಚರ್ ನಿಂತು ಎಸೆಯುವ ದಿಬ್ಬ ಹತ್ತಿ, ಪಿಚರ್‌ಗಳ ಅಭ್ಯಾಸದ ಜಾಗವಾದ ಬುಲ್‌ಪೆನ್‌ನಲ್ಲಿ 15-20 ಪಿಚ್, ಮೊದಲು ಬರೀ ಫಾಸ್ಟ್‌ಬಾಲ್. ಹೀಗೆ ಎರಡು ಮೂರು ಸಲ ಆದ ಮೇಲೆ ತಿರುವಿನ ಪಿಚ್‌ಗಳು. ಆಮೇಲೆ ತಮ್ಮದೇ ತಂಡದ ಬ್ಯಾಟರ್‌ಗಳಿಗೆ ಎಸೆತ. ಅದಾದ ಮೇಲೆ ಕೆಳಹಂತದ ಲೀಗ್‌ನಲ್ಲಿ ಪಂದ್ಯ. ಅಲ್ಲಿ ಪಿಚರ್‌ಗೆ ಹೆಚ್ಚೆಂದರೆ 30 ದಿನ, ಬ್ಯಾಟರ್‌ಗೆ 20 ದಿನ. ಪ್ರತಿ ಸಲ ಒಂದು ಇನಿಂಗ್ಸ್, ಸುಮಾರು 15 ಪಿಚ್ ಹೆಚ್ಚಿಸುತ್ತಾರೆ: 30, 45, 60, 75. ಎರಡು ಸರದಿಗಳ ನಡುವೆ ಐದು ದಿನ. ಬರೀ ಈ ನಾಲ್ಕು ಮೆಟ್ಟಿಲಿಗೇ ಹದಿನೈದು ಇಪ್ಪತ್ತು ದಿನ ಬೇಕು. ಎಲ್ಲಾದರೂ ನೋವು ಕಂಡರೆ ಒಂದು ಮೆಟ್ಟಿಲು ಕೆಳಗೆ.

ಯೊಶಿನೊಬು ಯಮಾಮೊಟೊ ಭುಜದ ಸ್ನಾಯು ಎಳೆದುಕೊಂಡದ್ದು 2024ರ ಜೂನ್ 15. ಮರಳಿದ್ದು ಸೆಪ್ಟೆಂಬರ್ 10. ಅಂದು ಶಿಕಾಗೋ ಕಬ್ಸ್ ಎದುರು ಎಸೆದದ್ದು ನಾಲ್ಕೇ ಇನಿಂಗ್ಸ್, ಎಂಟು ಸ್ಟ್ರೈಕ್‌ಔಟ್. ಅಲ್ಲಿಂದ ಅಕ್ಟೋಬರ್ 5ರ ಮೊದಲ ಪ್ಲೇಆಫ್ ಪಂದ್ಯಕ್ಕೆ 25 ದಿನ, ಅಂದರೆ ಮೆಟ್ಟಿಲು ಹತ್ತಲು ಬೇಕಾದಷ್ಟು ಮಾತ್ರ. ಅವರು ಎರಡು ವಾರ ತಡವಾಗಿದ್ದರೆ ಆ ವರ್ಷದ ಕಥೆಯೇ ಬೇರೆಯಾಗುತ್ತಿತ್ತು. ಗ್ಲಾಸ್‌ನೌಗೆ ಆದದ್ದು ಅದರ ಉಲ್ಟಾ: ಆಗಸ್ಟ್ 11ರ ನಂತರ ಆಡಲಿಲ್ಲ, ಸೆಪ್ಟೆಂಬರ್ ಮಧ್ಯದಲ್ಲಿ ಎಸೆಯುವಾಗ ಮೊಣಕೈ ಮತ್ತೆ ನೋಯಿತು, ದಿನ ಸಾಲಲಿಲ್ಲ. ಅದರ ಮೇಲೆ ಸೆಪ್ಟೆಂಬರ್ ಮೂರನೇ ವಾರದ ಹೊತ್ತಿಗೆ ಕೆಳಹಂತದ ಲೀಗ್‌ಗಳ ಋತುವೂ ಮುಗಿಯುತ್ತದೆ, ಅಭ್ಯಾಸಕ್ಕೆ ನಿಜವಾದ ಪಂದ್ಯವೇ ಸಿಗುವುದಿಲ್ಲ. ಸೆಪ್ಟೆಂಬರ್ 1ರ ಹೊತ್ತಿಗೆ ಇನ್ನೂ ದಿಬ್ಬ ಹತ್ತದ ಸ್ಟಾರ್ಟರ್‌ನನ್ನು ಅಕ್ಟೋಬರ್ ಲೆಕ್ಕದಿಂದ ಬಿಟ್ಟುಬಿಡುವುದು ಒಳ್ಳೆಯದು. ಬಂದರೂ ಪಂದ್ಯದ ನಡುವೆ ಬಂದು ಎಸೆಯುವ ರಿಲೀವರ್ ಆಗಿ ಒಂದೆರಡು ಇನಿಂಗ್ಸ್‌ಗೆ ಬಂದಾನು.

ಇನ್ನು ಒಬ್ಬನ ಗೈರುಹಾಜರಿಯ ಬೆಲೆ. ಬೇಸ್‌ಬಾಲ್‌ನಲ್ಲಿ ಆಟಗಾರನನ್ನು ಗೆಲುವುಗಳಲ್ಲಿ ಅಳೆಯುವ ರೂಢಿ ಇದೆ, ವಾರ್ ಎನ್ನುತ್ತಾರೆ: ಯಾವ ತಂಡಕ್ಕೂ ಸುಲಭವಾಗಿ ಸಿಗುವ ಬದಲಿ ಆಟಗಾರನಿಗಿಂತ ಇವನು ವರ್ಷಕ್ಕೆ ಎಷ್ಟು ಗೆಲುವು ಹೆಚ್ಚು ತರುತ್ತಾನೆ ಎಂಬುದು. ವರ್ಷಕ್ಕೆ 6 ಗೆಲುವಿನ ಬೆಲೆಯ ದೊಡ್ಡ ಬ್ಯಾಟರ್ 50 ಪಂದ್ಯ ತಪ್ಪಿಸಿಕೊಂಡ, ಅವನ ಜಾಗಕ್ಕೆ 1 ಗೆಲುವಿನ ಬೆಲೆಯವನು ಬಂದ ಎಂದಿಟ್ಟುಕೊಳ್ಳಿ. ವ್ಯತ್ಯಾಸ 5. ಅದನ್ನು 50ರಿಂದ ಗುಣಿಸಿ 162ರಿಂದ ಭಾಗಿಸಿದರೆ ಒಂದೂವರೆ. ತಾರೆಯೊಬ್ಬ ಎರಡು ತಿಂಗಳು ಇಲ್ಲದಿದ್ದರೆ ತಂಡ ಕಳೆದುಕೊಳ್ಳುವುದು ಒಂದೂವರೆ ಗೆಲುವು. ಅಭಿಮಾನಿಯ ಎದೆಯಲ್ಲಿ ಅದು ಹತ್ತು ಸೋಲಿನಷ್ಟು ಭಾರ, ಲೆಕ್ಕದಲ್ಲಿ ಒಂದೂವರೆಯೇ. ಬೆಟ್ಸ್ ಎಂಟು ವಾರ ಇಲ್ಲದೆಯೂ ಡಾಡ್ಜರ್ಸ್ 98 ಗೆದ್ದು ಇಡೀ ಲೀಗ್‌ಗೆ ಮೊದಲಾದದ್ದು ಪವಾಡವೇನಲ್ಲ. ಬಹುಪಾಲು ಟಾಟಿಸ್ ಇಲ್ಲದೆಯೇ ಪಾಡ್ರೇಸ್ ಜುಲೈ ಮಧ್ಯದ ಆಲ್-ಸ್ಟಾರ್ ಬಿಡುವಿನ ನಂತರ 43 ಗೆದ್ದು 20 ಸೋತದ್ದೂ ಹಾಗೆಯೇ. ಆ ಅವಧಿಯಲ್ಲಿ ಅದಕ್ಕಿಂತ ಚೆನ್ನಾಗಿ ಯಾವ ತಂಡವೂ ಆಡಲಿಲ್ಲ.

ಆದರೆ ಈ ಲೆಕ್ಕದಲ್ಲಿ ಕಾಣದ ಒಂದು ಸಂಗತಿ ಇದೆ. ಒಬ್ಬ ಬಿದ್ದರೆ ಒಂದೇ ಜಾಗ ಖಾಲಿಯಾಗುವುದಿಲ್ಲ. ಆಗಸ್ಟ್ 18ರಂದು ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಪಾಡ್ರೇಸ್‌ನ ಶಾರ್ಟ್‌ಸ್ಟಾಪ್ ಹಾ-ಸಾಂಗ್ ಕಿಮ್ ಮೊದಲ ಬೇಸ್‌ಗೆ ಹಿಂದಿರುಗಿ ಜಿಗಿದಾಗ ಭುಜ ಕೆಟ್ಟಿತು. ಕೊನೆಗೆ ಎರಡನೇ ಬೇಸ್‌ನಲ್ಲಿದ್ದ ಬೋಗಾರ್ಟ್ಸ್ ಮತ್ತೆ ಶಾರ್ಟ್‌ಸ್ಟಾಪ್‌ಗೆ ಹೋದರು, ಕ್ರೋನೆನ್‌ವರ್ತ್ ಎರಡನೇ ಬೇಸ್ ಹಿಡಿದರು, ಮೊದಲ ಬೇಸ್‌ಗೆ ಅರಾಯಿಸ್. ಮೂರು ಜನ ಜಾಗ ಬದಲಿಸಿದರು. ಅವರು ಒಂದಕ್ಕಿಂತ ಹೆಚ್ಚು ಜಾಗದಲ್ಲಿ ಆಡಬಲ್ಲವರಾಗಿದ್ದರಿಂದ ಹಾನಿ ತಡೆಯಿತು. ಪಾಡ್ರೇಸ್‌ನ ಆ ವರ್ಷದ ಬಲ ಇದ್ದದ್ದೇ ಅಲ್ಲಿ. ಶಾರ್ಟ್‌ಸ್ಟಾಪ್ ಆಗಿ ಬೆಳೆದ ಜಾಕ್ಸನ್ ಮೆರಿಲ್ ಮೊದಲ ವರ್ಷವೇ ಸೆಂಟರ್‌ಫೀಲ್ಡ್‌ಗೆ ಹೋಗಿ ಅದನ್ನು ತನ್ನದಾಗಿಸಿಕೊಂಡ. ಯಾವುದೇ ತಂಡದ ಗಾಯ ತಡೆಯುವ ಶಕ್ತಿ ಅಳೆಯಬೇಕಾದರೆ ಎರಡು ಮೂರು ಜಾಗದಲ್ಲಿ ಆಡುವವರು ಎಷ್ಟಿದ್ದಾರೆ ಎಂದು ಎಣಿಸಿ ನೋಡಿ.

ಪಿಚರ್ ಲೆಕ್ಕ ಬ್ಯಾಟರ್‌ನ ಹಾಗಲ್ಲ. ಋತುವಿಡೀ ಒಳ್ಳೆಯ ಸ್ಟಾರ್ಟರ್ 32 ಪಂದ್ಯ ಶುರುಮಾಡುತ್ತಾನೆ, 162ರಲ್ಲಿ ಐದನೇ ಒಂದು ಭಾಗ. ಐದು ಪಂದ್ಯದ ಪ್ಲೇಆಫ್ ಸರಣಿಯಲ್ಲಿ ಅದೇ ಮನುಷ್ಯ ಎರಡು ಪಂದ್ಯ ಎಸೆಯಬಲ್ಲ, ಐದರಲ್ಲಿ ಎರಡು ಭಾಗ. ಅವನ ತೂಕ ಅಕ್ಟೋಬರ್‌ನಲ್ಲಿ ದುಪ್ಪಟ್ಟು. ಹತ್ತು ರನ್‌ಗೆ ಒಂದು ಗೆಲುವು ಎಂಬುದು ಈ ಆಟದ ಒರಟು ಲೆಕ್ಕ. ಅವನ ಬದಲಿಗೆ ಬರುವವನು ಪಂದ್ಯಕ್ಕೆ ಮುಕ್ಕಾಲು ರನ್ ಹೆಚ್ಚು ಕೊಟ್ಟರೆ ಆ ಪಂದ್ಯದ ಗೆಲುವಿನ ಸಾಧ್ಯತೆ 100ಕ್ಕೆ ಏಳೂವರೆ ಇಳಿಯುತ್ತದೆ. ಐದರಲ್ಲಿ ಎರಡು ಪಂದ್ಯಕ್ಕೆ ಹೀಗಾದರೆ ಸರಾಸರಿ ಮೂರು ಇಳಿತ. ಪಂದ್ಯವೊಂದಕ್ಕೆ 100ಕ್ಕೆ 55 ಸಾಧ್ಯತೆ ಇದ್ದ ತಂಡ 52ಕ್ಕೆ ಬರುತ್ತದೆ, ಐದು ಪಂದ್ಯದ ಸರಣಿ ಗೆಲ್ಲುವ ಸಾಧ್ಯತೆ 59ರಿಂದ 54ಕ್ಕೆ ಬೀಳುತ್ತದೆ.

ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ಎರಡೂ ಕಡೆಯ ಅಭಿಮಾನಿಗಳು ಹೆಚ್ಚಾಗಿ ದಾಟಿಹೋಗುವ ಜಾಗ ಇದು. 2022ರಿಂದ ಎರಡು ಲೀಗ್‌ಗಳ ಪ್ರತಿಯೊಂದರಲ್ಲೂ ಆರು ತಂಡ ಪ್ಲೇಆಫ್‌ಗೆ ಬರುತ್ತವೆ: ಮೂರು ಡಿವಿಷನ್ ವಿಜೇತರು, ಉಳಿದವರಲ್ಲಿ ಮುಂದಿರುವ ಮೂರು ವೈಲ್ಡ್ ಕಾರ್ಡ್ ತಂಡ. ವಿಜೇತರಲ್ಲಿ ಮೊದಲ ಇಬ್ಬರಿಗೆ ಮೊದಲ ಸುತ್ತು ಇಲ್ಲ, ನೇರ ಎರಡನೇ ಸುತ್ತು. ಉಳಿದ ನಾಲ್ಕು ತಂಡ ಮೂರು ಪಂದ್ಯದ ಸರಣಿ ಆಡಬೇಕು, ಮೂರೂ ಮೇಲಿನ ತಂಡದ ಮೈದಾನದಲ್ಲೇ. ಆಮೇಲೆ ಐದು ಪಂದ್ಯದ್ದು, ಆಮೇಲೆ ಏಳರದ್ದು, ಕೊನೆಗೆ ವರ್ಲ್ಡ್ ಸೀರೀಸ್, ಅದೂ ಏಳು. ಪಂದ್ಯಕ್ಕೆ 55ರ ತಂಡ ಮೂರು ಪಂದ್ಯದ ಸರಣಿ ಗೆಲ್ಲುವ ಸಾಧ್ಯತೆ 57, ಐದರದ್ದು 59, ಏಳರದ್ದು 61. ಇವನ್ನು ಗುಣಿಸುತ್ತಾ ಹೋಗಿ. ಮೊದಲ ಸುತ್ತು ತಪ್ಪಿಸಿಕೊಂಡ ತಂಡ ಚಾಂಪಿಯನ್ ಆಗುವ ಸಾಧ್ಯತೆ 100ಕ್ಕೆ 22. ಅದೇ ತಂಡ ಮೊದಲ ಸುತ್ತೂ ಆಡಬೇಕಾದರೆ 13ಕ್ಕಿಂತ ತುಸು ಕಡಿಮೆ. ಈಗ ದೊಡ್ಡ ಪಿಚರ್ ಬಿದ್ದು ಪಂದ್ಯಕ್ಕೆ 52ಕ್ಕೆ ಇಳಿದ ತಂಡಕ್ಕೆ ಮೊದಲ ಸುತ್ತು ಮಾಫಿ ಆಗಿದ್ದರೆ? ಅದರ ಸಾಧ್ಯತೆ 16. ಗಾಯಗೊಂಡು ನೇರ ಎರಡನೇ ಸುತ್ತಿಗೆ ಹೋದ ತಂಡ, ಆರೋಗ್ಯವಾಗಿ ಮೊದಲ ಸುತ್ತು ಆಡುವ ತಂಡಕ್ಕಿಂತ ಮುಂದಿದೆ.

ಹಾಗಾಗಿ ಸೆಪ್ಟೆಂಬರ್ ಕೊನೆಯಲ್ಲಿ ಯಾರ ಪಟ್ಟಿ ಉದ್ದ ಎಂದು ಜಗಳವಾಡುವ ಹೊತ್ತಿನಲ್ಲಿ ನೋಡಬೇಕಾದ್ದು ಅಂಕಪಟ್ಟಿ. 2024ರ ಸೆಪ್ಟೆಂಬರ್ 24ರ ಬೆಳಿಗ್ಗೆ ಡಾಡ್ಜರ್ಸ್ 93 ಗೆದ್ದು 63 ಸೋತಿತ್ತು, ಪಾಡ್ರೇಸ್ 90 ಗೆದ್ದು 66. ಮುಂದಿನ ಮೂರು ದಿನ ಇವೆರಡೇ ಲಾಸ್ ಏಂಜಲಿಸ್‌ನಲ್ಲಿ ಎದುರಾಗುವುದಿತ್ತು. ಮ್ಯಾಜಿಕ್ ನಂಬರ್, ಅಂದರೆ ಮುಂದಿರುವ ತಂಡದ ಪಟ್ಟ ಖಚಿತವಾಗಲು ಅದರ ಗೆಲುವು, ಹಿಂದಿನದರ ಸೋಲು ಸೇರಿ ಇನ್ನೆಷ್ಟು ಬೇಕು ಎಂಬುದು, ತೆಗೆಯುವುದು ಸುಲಭ: 163ರಿಂದ ಮುಂದಿರುವ ತಂಡದ ಗೆಲುವು ಕಳೆಯಿರಿ, ಹಿಂದಿರುವ ತಂಡದ ಸೋಲನ್ನೂ ಕಳೆಯಿರಿ. 163ರಿಂದ 93, ಆಮೇಲೆ 66, ಉಳಿದದ್ದು 4. ಪರಸ್ಪರ ಆಡುವಾಗ ಒಂದು ಪಂದ್ಯದಲ್ಲೇ ಈ ಸಂಖ್ಯೆ ಎರಡು ಇಳಿಯುತ್ತದೆ. ಸಮ ಬಂದರೆ ಈಗ ಹೆಚ್ಚುವರಿ ಪಂದ್ಯ ಇಲ್ಲ, ಪರಸ್ಪರ ಪಂದ್ಯಗಳಲ್ಲಿ ಹೆಚ್ಚು ಗೆದ್ದವರಿಗೇ ಪಟ್ಟ. ಅದರಲ್ಲಿ ಪಾಡ್ರೇಸ್ ಆಗಲೇ 7-3ರಲ್ಲಿ ಮುಂದೆ. ಮೂರಕ್ಕೆ ಮೂರೂ ಗೆದ್ದರೆ ಡಿವಿಷನ್ ಅವರ ಕೈಗೆ ಬಂದಂತೆಯೇ.

ಮೊದಲ ರಾತ್ರಿ ಪಾಡ್ರೇಸ್ 4-2ರಿಂದ ಗೆದ್ದಿತು. ಕೊನೆಯ ಇನಿಂಗ್ಸ್‌ನಲ್ಲಿ ಒಂದೇ ಹೊಡೆತಕ್ಕೆ ಮೂರು ಔಟ್ ಮಾಡಿ ಪ್ಲೇಆಫ್ ಪ್ರವೇಶ ಖಚಿತ ಮಾಡಿಕೊಂಡ ಆ ಟ್ರಿಪಲ್ ಪ್ಲೇ, ಅವರ ಅಭಿಮಾನಿಗಳು ಬದುಕಿರುವ ತನಕ ಹೇಳಿಕೊಳ್ಳುವಂಥದ್ದು. ಆದರೆ ಮರುದಿನ ಡಾಡ್ಜರ್ಸ್ 4-3, ಅದರ ಮರುದಿನ 7-2. ಮ್ಯಾಜಿಕ್ ನಂಬರ್ ಸೊನ್ನೆ. ಡಾಡ್ಜರ್ಸ್‌ಗೆ ಮೊದಲ ಸುತ್ತು ಆಡುವುದು ತಪ್ಪಿತು, ಪಾಡ್ರೇಸ್ ನಾಲ್ಕನೇ ಸ್ಥಾನದಲ್ಲಿ ಉಳಿದು ಅಟ್ಲಾಂಟಾ ಬ್ರೇವ್ಸ್ ಎದುರು ಆಡಬೇಕಾಯಿತು. ಅದೇ ಕೊನೆಯ ಪಂದ್ಯದಲ್ಲಿ ಮೊದಲ ಬೇಸ್‌ಗೆ ಓಡುವಾಗ ಡಾಡ್ಜರ್ಸ್‌ನ ಫ್ರೆಡ್ಡಿ ಫ್ರೀಮನ್ ಬಲಗಾಲಿನ ಕಣಕಾಲು ಹೊರಳಿತು.

ಅಕ್ಟೋಬರ್ 2ರಂದು, ಬ್ರೇವ್ಸ್ ಎದುರಿನ ಎರಡನೇ ಪಂದ್ಯದ ನಾಲ್ಕನೇ ಇನಿಂಗ್ಸ್‌ನಲ್ಲಿ, ಪಾಡ್ರೇಸ್‌ನ ಜೋ ಮಸ್‌ಗ್ರೋವ್ ದಿಬ್ಬದಿಂದ ಇಳಿದುಹೋದರು. ಮೊಣಕೈ. ಅದೇ ವರ್ಷ ಅವರು ಇದೇ ಮೊಣಕೈಗಾಗಿ ಮೊದಲೇ ಹೊರಗಿದ್ದು ಆಗಸ್ಟ್ ಮಧ್ಯದಲ್ಲಿ ಮರಳಿದ್ದರು. ಪಾಡ್ರೇಸ್ 5-4ರಿಂದ ಗೆದ್ದು ಸರಣಿ ಮುಗಿಸಿತು, ಆದರೆ ಮಸ್‌ಗ್ರೋವ್‌ಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಆಯಿತು, 2025 ಪೂರ್ತಿ ಹೋಯಿತು. ಮೊದಲ ಸುತ್ತು ತಪ್ಪಿದ್ದರೆ ಈ ಗಾಯವೇ ಆಗುತ್ತಿರಲಿಲ್ಲ ಎಂದು ಯಾರೂ ಹೇಳಲಾರರು, ರಜ್ಜು ಮೊದಲೇ ಬಳಲಿದ್ದಿರಬಹುದು. ಆದರೆ ಮೊದಲ ಸುತ್ತು ಆಡುವ ತಂಡ ತನ್ನ ಅತ್ಯುತ್ತಮ ಕೈಗಳನ್ನು ಇನ್ನೊಂದು ಸಲ ಪಣಕ್ಕಿಡುತ್ತದೆ ಎಂಬುದು ನಿಜ.

ಈಗ ಬರುವುದು ನಾಲ್ಕನೇ ಪಂದ್ಯದ ಪ್ರಶ್ನೆ. ಡಾಡ್ಜರ್ಸ್ ಎದುರಿನ ಐದು ಪಂದ್ಯದ ಸರಣಿಗೆ ಪಾಡ್ರೇಸ್ ಬಳಿ ಮೂವರು ಸ್ಟಾರ್ಟರ್: ಡಿಲನ್ ಸೀಸ್, ಯು ಡಾರ್ವಿಷ್, ಮೈಕಲ್ ಕಿಂಗ್. ಡಾಡ್ಜರ್ಸ್ ಬಳಿಯೂ ಮೂವರೇ: ಯಮಾಮೊಟೊ, ಜಾಕ್ ಫ್ಲಾಹರ್ಟಿ, ವಾಕರ್ ಬ್ಯೂಲರ್. ಗಾಯಾಳು ಪಟ್ಟಿ ಅತ್ತ ಎಂಟು ಜನರದ್ದಿರಲಿ, ಇತ್ತ ಒಬ್ಬನದ್ದಿರಲಿ, ಎರಡೂ ಕಡೆ ಕೊರತೆ ಒಂದೇ. ನಾಲ್ಕನೆಯವನು ಇಲ್ಲ. ಹಾಗಿರುವಾಗ ಡಾಡ್ಜರ್ಸ್ ಪಟ್ಟಿಯಲ್ಲಿದ್ದ ಏಳನೇ, ಎಂಟನೇ ಹೆಸರಿಗೆ ಬೆಲೆ ಎಲ್ಲಿ?

ಮೂರು ಪಂದ್ಯ ಮುಗಿದಾಗ ಪಾಡ್ರೇಸ್ 2-1ರಿಂದ ಮುಂದಿತ್ತು. ಅಕ್ಟೋಬರ್ 9ರ ಸಂಜೆ ಆರು ದಾಟಿದ ಹೊತ್ತು, ಇತ್ತ ಕರ್ನಾಟಕದಲ್ಲಿ 10ರ ಬೆಳಗಿನ ಆರೂವರೆ ಕಳೆದಿತ್ತು, ಪಾಡ್ರೇಸ್‌ನ ಮೈದಾನ ಪೆಟ್ಕೋ ಪಾರ್ಕ್‌ನಲ್ಲಿ ನಾಲ್ಕನೇ ಪಂದ್ಯ. ಪಾಡ್ರೇಸ್ ಮುಂದೆ ಎರಡು ದಾರಿ ಇದ್ದವು: ಅನುಭವಿ ಎಡಗೈ ಪಿಚರ್ ಮಾರ್ಟಿನ್ ಪೆರೆಜ್, ಇಲ್ಲವೇ ಅಕ್ಟೋಬರ್ 5ರಂದು ಎಸೆದಿದ್ದ ಸೀಸ್. ಅವರು ಸೀಸ್‌ನನ್ನು ಆರಿಸಿದರು. ಅಂದರೆ ನಡುವೆ ಮೂರೇ ದಿನ ವಿಶ್ರಾಂತಿ, ಸಾಮಾನ್ಯವಾಗಿ ಇರುವುದು ನಾಲ್ಕು ಅಥವಾ ಐದು. ಒಂದು ದಿನ ಕಡಿಮೆಯಾದರೆ ಏನಾದೀತು ಎನಿಸಬಹುದು. ಫಾಸ್ಟ್‌ಬಾಲ್ ವೇಗ ಅಷ್ಟೇನೂ ಬೀಳದಿರಬಹುದು, ಆದರೆ ಚೆಂಡು ಬೇಕಾದ ಜಾಗಕ್ಕೆ ಬೀಳುವುದಿಲ್ಲ, ಸ್ಲೈಡರ್ ಎಂಬ ತಿರುವಿನ ಪಿಚ್ ಕೊನೆಯಲ್ಲಿ ತಿರುಗಬೇಕಾದಷ್ಟು ತಿರುಗುವುದಿಲ್ಲ. ಮೊದಲ ಇನಿಂಗ್ಸ್‌ನಲ್ಲೇ ಬೆಟ್ಸ್ ಹೋಮ್ ರನ್ ಹೊಡೆದರು. ಎರಡನೇ ಇನಿಂಗ್ಸ್ ಮುಗಿಯುವ ಮೊದಲೇ ಸೀಸ್ ಹೊರಗೆ, ಲೆಕ್ಕಕ್ಕೆ ಮೂರು ರನ್.

ಡಾಡ್ಜರ್ಸ್ ಸ್ಟಾರ್ಟರ್‌ನನ್ನೇ ಹುಡುಕಲಿಲ್ಲ. ರಿಲೀವರ್ ರಯಾನ್ ಬ್ರೇಸಿಯರ್‌ನಿಂದ ಶುರುಮಾಡಿ ಒಟ್ಟು ಎಂಟು ಜನರಿಂದ ಎಸೆಸಿದರು. ಯಾರೂ ದಣಿಯುವಷ್ಟು ನಿಲ್ಲಲಿಲ್ಲ, ಯಾವ ಬ್ಯಾಟರ್‌ಗೂ ಒಬ್ಬ ಪಿಚರ್‌ನನ್ನು ಎರಡನೇ ಸಲ ನೋಡಿ ಅಳತೆ ಹಿಡಿಯಲು ಬಿಡಲಿಲ್ಲ. ಫಲಿತಾಂಶ 8-0. ಇಂಥ ಬುಲ್‌ಪೆನ್ ಪಂದ್ಯದ ಅಪಾಯ ಮರುದಿನ ಗೊತ್ತಾಗುತ್ತದೆ, ಎಲ್ಲರ ಕೈಯೂ ದಣಿದಿರುತ್ತದೆ. ಆದರೆ ಅಕ್ಟೋಬರ್ 10 ಪ್ರಯಾಣದ ಬಿಡುವಿನ ದಿನ. ಅದನ್ನು ಎಣಿಸಿಯೇ ಅವರು ಎಂಟು ಜನರನ್ನು ಖರ್ಚು ಮಾಡಿದ್ದು. ವೇಳಾಪಟ್ಟಿಯಲ್ಲಿ ಬಿಡುವು ಎಲ್ಲಿದೆ ಎಂದು ನೋಡದೆ ಪಿಚಿಂಗ್ ಬಗ್ಗೆ ಮಾತಾಡಬಾರದು. ಅದು ಋತುವಿನ ನಡುವಿನ ಬುಧವಾರವಾಗಿದ್ದರೆ ಆ ಯೋಜನೆ ಹುಚ್ಚುತನವಾಗುತ್ತಿತ್ತು.

ಐದನೇ ಪಂದ್ಯಕ್ಕೆ ಜೂನ್‌ನಲ್ಲಿ ಭುಜ ನೋಯಿಸಿಕೊಂಡಿದ್ದ ಯಮಾಮೊಟೊ. ಐದು ಇನಿಂಗ್ಸ್, ಒಂದೂ ರನ್ ಇಲ್ಲ. ಎದುರು ಡಾರ್ವಿಷ್ ಕೂಡ ಅದ್ಭುತವಾಗಿಯೇ ಎಸೆದರು, ಅವರಿಗೆ ಬಿದ್ದದ್ದು ಎರಡೇ ಹೋಮ್ ರನ್, ಕೀಕೆ ಹರ್ನಾಂಡೆಸ್ ಒಂದು, ಟಿಯೋಸ್ಕರ್ ಹರ್ನಾಂಡೆಸ್ ಇನ್ನೊಂದು. 2-0. ಸರಣಿಯ ಕೊನೆಯ 24 ಇನಿಂಗ್ಸ್‌ನಲ್ಲಿ ಪಾಡ್ರೇಸ್‌ಗೆ ಒಂದು ರನ್ ಕೂಡ ಬರಲಿಲ್ಲ. ಇದನ್ನು ಗಾಯದ ಲೆಕ್ಕಕ್ಕೆ ಹಾಕಲು ಬರುವುದಿಲ್ಲ. ಟಾಟಿಸ್, ಮಚಾಡೊ, ಮೆರಿಲ್, ಬೋಗಾರ್ಟ್ಸ್, ಅರಾಯಿಸ್ ಎಲ್ಲರೂ ಇದ್ದರು. ಮಸ್‌ಗ್ರೋವ್ ಇದ್ದಿದ್ದರೆ ಎಂದು ಪಾಡ್ರೇಸ್ ಅಭಿಮಾನಿ ನೊಂದುಕೊಳ್ಳುವುದು ನ್ಯಾಯವೇ, ಆದರೆ ಸೊನ್ನೆ ರನ್‌ನಿಂದ ಯಾವ ಪಿಚರ್ ಕೂಡ ಪಂದ್ಯ ಗೆಲ್ಲಿಸಲಾರ.

ಫ್ರೀಮನ್ ವಿಷಯಕ್ಕೆ ಬರೋಣ. ಗಾಯಾಳು ಪಟ್ಟಿಯಲ್ಲಿ ಹೆಸರಿಲ್ಲದ ಗಾಯ ಹೇಗಿರುತ್ತದೆ ಎಂಬುದಕ್ಕೆ ಅದು ಉದಾಹರಣೆ. ಪ್ಲೇಆಫ್ ಸರಣಿ ನಡುವೆ ಗಾಯಾಳುವನ್ನು ತೆಗೆದು ಬೇರೊಬ್ಬನನ್ನು ಹಾಕಿಕೊಳ್ಳಬಹುದು, ಆದರೆ ತೆಗೆದವನು ಆ ಸರಣಿಗೂ ಇಲ್ಲ, ಮುಂದಿನ ಸರಣಿಗೂ ಇಲ್ಲ. ಹಾಗಾಗಿ ಕುಂಟುತ್ತಿದ್ದರೂ ತಂಡ ಅವನನ್ನು 26ರಲ್ಲೇ ಇಟ್ಟುಕೊಳ್ಳುತ್ತದೆ. ಫ್ರೀಮನ್ ಹೆಸರು ಆ 26ರಲ್ಲಿತ್ತು, ಕೆಲವು ಪಂದ್ಯ ಹೊರಗೆ ಕೂತರು, ಆಡಿದ ದಿನ ಮೊದಲ ಎರಡು ಸರಣಿಗಳಲ್ಲಿ ಅವರ ಹೊಡೆತಗಳೆಲ್ಲ ಒಂದೊಂದು ಬೇಸ್‌ನವು. ಹಿಂಗಾಲಿನಿಂದ ಮುಂಗಾಲಿಗೆ ಭಾರ ದಾಟದಿದ್ದರೆ ಎಡಗೈ ಬ್ಯಾಟರ್‌ನ ಬೀಸಿನಲ್ಲಿ ಬಲ ಬರುವುದಿಲ್ಲ, ಅವರ ಮುಂಗಾಲೇ ಆ ಬಲಗಾಲು. ನ್ಯೂಯಾರ್ಕ್ ಮೆಟ್ಸ್ ಎದುರಿನ ಸರಣಿ ಅಕ್ಟೋಬರ್ 20ಕ್ಕೆ ಮುಗಿಯಿತು, ವರ್ಲ್ಡ್ ಸೀರೀಸ್ 25ಕ್ಕೆ. ಆ ಬಿಡುವು ಅವರ ಕಾಲನ್ನು ಉಳಿಸಿತು. ಯಾಂಕೀಸ್ ಎದುರು ಮೊದಲ ಪಂದ್ಯದ ಹತ್ತನೇ ಇನಿಂಗ್ಸ್, ಎರಡು ಔಟ್, ಬೇಸ್‌ಗಳೆಲ್ಲ ತುಂಬಿ, ಸೋಲುತ್ತಿದ್ದ ಹೊತ್ತಿನಲ್ಲಿ ಹೋಮ್ ರನ್. ಪಂದ್ಯ ಮುಗಿಸುವ ಗ್ರ್ಯಾಂಡ್ ಸ್ಲ್ಯಾಮ್ ವರ್ಲ್ಡ್ ಸೀರೀಸ್ ಇತಿಹಾಸದಲ್ಲೇ ಅದು ಮೊದಲನೆಯದು. ಮೊದಲ ನಾಲ್ಕು ಪಂದ್ಯದಲ್ಲೂ ಹೋಮ್ ರನ್ ಹೊಡೆದ ಅವರೇ ಸರಣಿ ಶ್ರೇಷ್ಠ. ಪಕ್ಕೆಲುಬಿನ ಮೃದ್ವಸ್ಥಿಯೂ ಮುರಿದಿತ್ತು ಎಂಬುದು ಆಮೇಲಷ್ಟೇ ಹೊರಬಂತು.

ಪಾಡ್ರೇಸ್ ಕಡೆಯವರ ಒಂದು ವಾದಕ್ಕೆ ಮಾತ್ರ ಡಾಡ್ಜರ್ಸ್ ಕಡೆಯವರು ಉತ್ತರ ಕೊಡಲಾರರು, ಕೊಡಬೇಕಾಗಿಯೂ ಇಲ್ಲ. ಬದಲಿ ಆಟಗಾರರ ಆ ಆಳ ಹಣದಿಂದ ಬಂದದ್ದು. ಯಮಾಮೊಟೊ ಒಪ್ಪಂದ 12 ವರ್ಷಕ್ಕೆ 32.5 ಕೋಟಿ ಡಾಲರ್, ಒಹ್ಟಾನಿಯದು 10 ವರ್ಷಕ್ಕೆ 70 ಕೋಟಿ. ಅದೇ ವರ್ಷ ಪಾಡ್ರೇಸ್ 10 ಲಕ್ಷ ಡಾಲರ್‌ಗೆ ತಂದ ಜೂರಿಕ್ಸನ್ ಪ್ರೊಫಾರ್ ಆಲ್-ಸ್ಟಾರ್ ಆದರು. ಇದು ಸಮಾನರ ಸ್ಪರ್ಧೆಯಲ್ಲ. ಆದರೆ ಹಣವೊಂದೇ ಎಂದರೆ ಅದೂ ಸರಿಯಲ್ಲ. ಜುಲೈ ಕೊನೆಯಲ್ಲಿ ಡಾಡ್ಜರ್ಸ್ ತಂದ ಟಾಮಿ ಎಡ್ಮನ್ ಆಗ ತಾವೇ ಗಾಯಾಳು, ಆ ವರ್ಷ ಒಂದೂ ಪಂದ್ಯ ಆಡಿರಲಿಲ್ಲ. ಆಗಸ್ಟ್ 19ಕ್ಕೆ ಬಂದವರು ಮೆಟ್ಸ್ ಎದುರಿನ ಸರಣಿಯ ಶ್ರೇಷ್ಠ ಆಟಗಾರರಾದರು. 2021ರ ಬ್ರೇವ್ಸ್ ಇನ್ನೂ ಸ್ಪಷ್ಟ ಉದಾಹರಣೆ. ಜುಲೈ 10ಕ್ಕೆ ರೊನಾಲ್ಡ್ ಅಕುನ್ಯ ಮಂಡಿ ರಜ್ಜು ಹರಿದುಕೊಂಡರು, ತಂಡ ಅದೇ ತಿಂಗಳು ಪೀಟರ್ಸನ್, ಡುವಾಲ್, ರೊಸಾರಿಯೊ, ಸೊಲೇರ್ ಎಂಬ ನಾಲ್ವರು ಔಟ್‌ಫೀಲ್ಡರ್‌ಗಳನ್ನು ತಂದಿತು. ರೊಸಾರಿಯೊ ಲೀಗ್ ಸರಣಿಯ ಶ್ರೇಷ್ಠ, ಸೊಲೇರ್ ವರ್ಲ್ಡ್ ಸೀರೀಸ್ ಶ್ರೇಷ್ಠ. ಜುಲೈ ಗಾಯಕ್ಕೆ ಮದ್ದು ಉಂಟು, ಪೇಟೆ ತೆರೆದಿರುತ್ತದೆ. ಆಗಸ್ಟ್ 31ರ ನಂತರ ಹೊರಗಿನಿಂದ ಬಂದವರಿಗೆ ಪ್ಲೇಆಫ್ ಆಡುವ ಅರ್ಹತೆಯೇ ಇಲ್ಲ. ಸೆಪ್ಟೆಂಬರ್ ಗಾಯಕ್ಕೆ ಮನೆಯಲ್ಲಿ ಇದ್ದವರೇ ಗತಿ.

2025ರಲ್ಲಿ ಅದೇ ಎರಡು ತಂಡ, ಅದೇ ಜಗಳ, ಆದರೆ ಗಾಯಗಳ ತಿಂಗಳು ಬದಲಾಗಿತ್ತು. ಡಾಡ್ಜರ್ಸ್‌ನ ಬ್ಲೇಕ್ ಸ್ನೆಲ್ ಏಪ್ರಿಲ್‌ನಲ್ಲಿ ಭುಜದಿಂದ ಹೊರಗೆ ಹೋಗಿ ಆಗಸ್ಟ್‌ನಲ್ಲಿ ಬಂದರು. ಗ್ಲಾಸ್‌ನೌ ಏಪ್ರಿಲ್ ಕೊನೆಯಿಂದ ಜುಲೈವರೆಗೆ ಇಲ್ಲ. ಒಹ್ಟಾನಿ ಜೂನ್ ಮಧ್ಯದಲ್ಲಿ ಮತ್ತೆ ಪಿಚ್ ಮಾಡಲು ಶುರುಮಾಡಿ ಒಂದೊಂದೇ ಇನಿಂಗ್ಸ್ ಹೆಚ್ಚಿಸಿಕೊಂಡರು. ಬೇಸಿಗೆಯಲ್ಲಿ ಆ ಪಟ್ಟಿ ನೋಡಿ ಪಾಡ್ರೇಸ್ ಕಡೆಯವರು ಖುಷಿಪಟ್ಟಿದ್ದರಲ್ಲಿ ತಪ್ಪಿಲ್ಲ, ಡಿವಿಷನ್ ಅಂತರ ಕೊನೆಗೆ ಮೂರೇ ಗೆಲುವು, 93ಕ್ಕೆ 90. ಡಾಡ್ಜರ್ಸ್‌ಗೆ ಆ ವರ್ಷ ನೇರ ಎರಡನೇ ಸುತ್ತೂ ಸಿಗಲಿಲ್ಲ, ಮಿಲ್ವಾಕಿ ಮತ್ತು ಫಿಲಡೆಲ್ಫಿಯಾ ಮುಂದಿದ್ದವು. ಆದರೆ ಏಪ್ರಿಲ್‌ನಲ್ಲಿ ಬಿದ್ದವರೂ ಸೇರಿ ನಾಲ್ವರು ಅಕ್ಟೋಬರ್‌ಗೆ ನಿಂತಿದ್ದರು: ಸ್ನೆಲ್, ಯಮಾಮೊಟೊ, ಗ್ಲಾಸ್‌ನೌ, ಒಹ್ಟಾನಿ. ನಾಲ್ಕನೇ ಪಂದ್ಯಕ್ಕೆ ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ಪಾಡ್ರೇಸ್‌ನಲ್ಲಿ ಕ್ಯಾಲೆಂಡರ್ ತಿರುಗಿತ್ತು. ಸೆಪ್ಟೆಂಬರ್ 1ಕ್ಕೆ ರಿಲೀವರ್ ಜೇಸನ್ ಆಡಮ್ ತೊಡೆಯ ಸ್ನಾಯುರಜ್ಜು ಹರಿಯಿತು, ಕೊನೆಯ ವಾರದಲ್ಲಿ ಲಾರಿಯಾನೊ ಬೆರಳು ಮುರಿಯಿತು. ಶಿಕಾಗೋದಲ್ಲಿ ಮೂರು ಪಂದ್ಯದ ಸರಣಿ, 2-1ರಿಂದ ಸೋಲು. ಡಾಡ್ಜರ್ಸ್ ನಾಲ್ಕು ಸುತ್ತನ್ನೂ ದಾಟಿ ನವೆಂಬರ್ 1ರ ರಾತ್ರಿ ಟೊರಾಂಟೊದಲ್ಲಿ ಏಳನೇ ಪಂದ್ಯವನ್ನು 11 ಇನಿಂಗ್ಸ್‌ನಲ್ಲಿ 5-4ರಿಂದ ಗೆದ್ದಿತು. ಕೊನೆಯ ಔಟ್‌ವರೆಗೆ ದಿಬ್ಬದ ಮೇಲೆ ನಿಂತವರು ಯಮಾಮೊಟೊ, ಹಿಂದಿನ ರಾತ್ರಿಯಷ್ಟೇ ಆರನೇ ಪಂದ್ಯ ಶುರುಮಾಡಿ ಗೆಲ್ಲಿಸಿದ್ದವರು.